ನನಗೆ ಸಿಕ್ಕ ಪ್ರಶಂಸಾ ಪತ್ರದ ಮೇಲೆ ನನ್ನದೇ ದೂರು

ರೈಲು ಸುರಕ್ಷತೆ ಮತ್ತು ಶಿಸ್ತು ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಾವು ನನಗೆ ಕೊಟ್ಟ ಪ್ರಶಂಸಾ ಪತ್ರದ ವಿರುದ್ಧ ದೂರು ಕೊಡುತ್ತಿದ್ದೇನೆ. ಶಿಕ್ಷೆ ಜಾಸ್ತಿಯಾಯಿತು ಎಂಬ ಅರ್ಜಿಗಳು ತಮ್ಮ ಮೇಜಿಗೆ ದಿನಕ್ಕೆ ಹತ್ತು ಬರಬಹುದು. ಬಹುಮಾನ ತಪ್ಪಾಯಿತು ಎಂಬ ಅರ್ಜಿ ಬಹುಶಃ ಇದೇ ಮೊದಲು. ಇದನ್ನು ಯಾವ ಕಡತಕ್ಕೆ ಸೇರಿಸಬೇಕೆಂದು ತಮ್ಮ ಗುಮಾಸ್ತರು ತಲೆ ಕೆರೆದುಕೊಳ್ಳುವಷ್ಟರಲ್ಲಿ ತಿಂಗಳುಗಳೇ ಕಳೆದಾವು ಎಂದು ಪತ್ರಿಕೆಗೂ ಒಂದು ಪ್ರತಿ ಕಳಿಸಿದ್ದೇನೆ.

ನಾನು ಯಾರೆಂದು ತಮಗೆ ಗೊತ್ತು. ಪ್ರತಿ ಇಂಜಿನ್ ಶೆಡ್ಡಿನ ಗೋಡೆಯ ಮೇಲೂ ನನ್ನ ಫೋಟೋ ಇದೆ, ಕೆಳಗೆ ದಪ್ಪ ಅಕ್ಷರದಲ್ಲಿ ‘ಎಚ್ಚರಿಕೆಯ ಮಾದರಿ’ ಎಂದು ಬರೆದಿದೆ. ಫೋಟೋ ತೆಗೆದವನು ಸ್ವಲ್ಪ ನಗಿ ಅಂದಿದ್ದ, ನಕ್ಕಿದ್ದೇನೆ. ಕೆಂಪು ಸಿಗ್ನಲ್ ದಾಟಿದ ರೈಲಿನಲ್ಲಿ ‘ಕೆಂಪು, ಕೆಂಪು’ ಎಂದು ಎರಡು ಸಲ ಕೂಗಿ ಚಾಲಕರನ್ನು ಎಚ್ಚರಿಸಿದ ಸಹಾಯಕ ಚಾಲಕ ನಾನು ಎಂದು ತಾವು ನಂಬಿದ್ದೀರಿ. ನಾನು ಕೂಗಲಿಲ್ಲ. ಆ ಸಿಗ್ನಲನ್ನು ನಾನು ನೋಡಲೇ ಇಲ್ಲ.

ಇಂಜಿನ್ನಿನೊಳಗೆ ಕಾಲಿಡದವರಿಗಾಗಿ ನಮ್ಮ ಪದ್ಧತಿಯನ್ನು ಹೇಳಬೇಕು. ಅಲ್ಲಿ ನಾವು ಇಬ್ಬರು. ಸಿಗ್ನಲ್ ಕಂಡ ಕೂಡಲೇ ಚಾಲಕ ಅದರ ಬಣ್ಣವನ್ನು ಗಟ್ಟಿಯಾಗಿ ಹೇಳಬೇಕು. ಸಹಾಯಕ ತಾನೂ ಕಣ್ಣಾರೆ ನೋಡಿ ಅದೇ ಬಣ್ಣವನ್ನು ತಿರುಗಿ ಹೇಳಬೇಕು. ಒಬ್ಬರ ಕಣ್ಣು ತಪ್ಪಿದರೆ ಇನ್ನೊಬ್ಬರ ಕಣ್ಣು ಕಾಯಲಿ ಎಂದು ಹಿರಿಯರು ಮಾಡಿದ ಒಳ್ಳೆಯ ಏರ್ಪಾಡು. ನನ್ನ ಚಾಲಕರನ್ನು ಶೆಡ್ಡಿನವರೆಲ್ಲ ಕಂಚಣ್ಣ ಎಂದು ಕರೆಯುತ್ತಿದ್ದೆವು, ಅವರದು ಕಂಚಿನ ಕಂಠ. ಅವರು ‘ಹಸಿರು’ ಅಂದರೆ ಮೊದಲ ಬೋಗಿಯಲ್ಲಿ ತೂಕಡಿಸುವವರು ಎದ್ದು ಕೂರುತ್ತಾರೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಅವರ ಹೆಸರಿನ ಮುಂದೆ ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ. ಆರು ವರ್ಷ ಅವರ ಪಕ್ಕದಲ್ಲಿ ಕೂತು ನಾನು ಕೆಲಸ ಕಲಿತೆ. ಕಲಿತದ್ದು ಮುಖ್ಯವಾಗಿ ಅವರು ಹೇಳಿದ್ದನ್ನು ತಿರುಗಿ ಹೇಳುವುದನ್ನು. ಅವರ ಕಣ್ಣು ತಪ್ಪುವುದಿಲ್ಲ ಎಂದು ಖಾತ್ರಿಯಾದ ಮೇಲೆ ನನ್ನ ಕಣ್ಣಿಗೆ ರಜೆ ಕೊಟ್ಟೆ.

ಆ ರಜೆಗೆ ಅನುಕೂಲ ಮಾಡಿಕೊಟ್ಟವರು ತಾವು. ಎರಡು ವರ್ಷದ ಹಿಂದೆ ತಮ್ಮ ಕಚೇರಿಯಿಂದ ‘ಎಚ್ಚರಿಕೆ ಪಟ್ಟಿ’ ಎಂಬ ಹಾಳೆ ಬಂತು. ದಾರಿಯ ಅರವತ್ತನಾಲ್ಕು ಸಿಗ್ನಲಿಗೂ ಒಂದೊಂದು ಸಾಲು. ನೋಡಿದೆ, ಕೇಳಿದೆ, ತಿರುಗಿ ಹೇಳಿದೆ ಎಂದು ಮೂರು ಗುರುತು ಹಾಕಿ ಬಣ್ಣ ಬರೆಯಬೇಕು. ಹಾಳೆಯನ್ನು ನೋಡುತ್ತ ಸಿಗ್ನಲನ್ನೂ ನೋಡುವುದು ಹೇಗೆಂದು ಆ ಹಾಳೆಯಲ್ಲಿ ಎಲ್ಲೂ ಬರೆದಿರಲಿಲ್ಲ. ಆದ್ದರಿಂದ ನಾವೆಲ್ಲ ಒಂದು ಉಪಾಯ ಕಂಡುಕೊಂಡೆವು. ರೈಲು ಹೊರಟ ಹತ್ತು ನಿಮಿಷದಲ್ಲೇ ಮುಂದಿನ ಇಪ್ಪತ್ತು ಮೂವತ್ತು ಸಾಲುಗಳಿಗೆ ಗುರುತು ಹಾಕಿ, ಬಣ್ಣ ‘ಹಸಿರು’ ಎಂದು ಬರೆದಿಡುವುದು. ಬೇರೆ ಬಣ್ಣ ಬಂದರೆ ಆಮೇಲೆ ತಿದ್ದುವುದು. ತಮ್ಮ ತಪಾಸಣೆಯವರಿಗೆ ಇದು ಗೊತ್ತಿಲ್ಲವೇ? ಅವರು ನೋಡುವುದು ಖಾಲಿ ಜಾಗ ಇದೆಯೇ ಎಂದು ಮಾತ್ರ. ಒಂದು ಗುರುತು ಬಿಟ್ಟರೆ ಮರುದಿನ ಮೆಮೊ ಬರುತ್ತದೆ. ಸಿಗ್ನಲನ್ನೇ ನೋಡದೆ ಬಿಟ್ಟವನ ಹಾಳೆ ತುಂಬಿರುತ್ತದೆ, ಅವನಿಗೆ ಪ್ರಶಂಸಾ ಪತ್ರ ಬರುತ್ತದೆ.

ಆವತ್ತು ಬೆಳಗ್ಗೆ ಏಳೂ ಹತ್ತಕ್ಕೆ ನಾವು ಹಳೇ ಗಿರಣಿಯ ಪಕ್ಕದ ತಿರುವಿಗೆ ಬಂದೆವು. ಅಲ್ಲಿ ನಮ್ಮ ಸಿಗ್ನಲ್ ಗಿರಣಿಯ ಗೋಡೆಯ ಮರೆಯಲ್ಲಿದೆ. ಪಕ್ಕದ ಹಳಿಯ ಸಿಗ್ನಲ್ ಮೊದಲು ಕಾಣುತ್ತದೆ, ನಮ್ಮದು ಆಮೇಲೆ. ಇದನ್ನು ಸರಿಸಿ ಎಂದು ನಮ್ಮ ನೌಕರರ ಸಂಘದವರು ಮೂರು ಸಲ ಬರೆದುಕೊಟ್ಟಿದ್ದಾರೆ, ಮೂರು ಸಲವೂ ‘ಪರಿಶೀಲನೆಯಲ್ಲಿದೆ’ ಎಂದು ತಾವು ಉತ್ತರಿಸಿದ್ದೀರಿ. ಎದುರು ಬಿಸಿಲು. ಕಂಚಣ್ಣ ಪಕ್ಕದ ಹಳಿಯ ದೀಪ ನೋಡಿ ‘ಹಸಿರು’ ಅಂದರು. ಹಾಳೆಯ ಮೂವತ್ತೆಂಟನೇ ಸಾಲಿಗೆ ಗುರುತು ಹಾಕುತ್ತಿದ್ದ ನಾನು, ತಲೆ ಎತ್ತದೆ, ‘ಹಸಿರು’ ಅಂದೆ. ನಮ್ಮ ಸಿಗ್ನಲ್ ಕಂಡಾಗ ಅದು ಕೆಂಪು. ಕಂಡದ್ದೂ ಅವರಿಗೇ, ಬ್ರೇಕ್ ಹಾಕಿದ್ದೂ ಅವರೇ. ಸಿಗ್ನಲ್ ದಾಟಿ ಇನ್ನೂರ ಹತ್ತು ಮೀಟರ್ ಹೋಗಿ ನಿಂತೆವು. ನಲವತ್ತು ಹೆಜ್ಜೆ ಮುಂದೆ ನಮ್ಮ ಹಳಿಯನ್ನು ಅಡ್ಡ ದಾಟಿ ಇನ್ನೊಂದು ರೈಲು ಹೋಗುತ್ತಿತ್ತು. ಅದರ ಒಂದು ಬೋಗಿಯ ಕಿಟಕಿಯಲ್ಲಿ ಒಬ್ಬಾಕೆ ಮಗಳಿಗೆ ಜಡೆ ಹಾಕುತ್ತಿದ್ದಳು. ನಮ್ಮ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ಕಂಚಣ್ಣ ಕೂಡಲೇ ಕಂಟ್ರೋಲ್ ರೂಮಿಗೆ ಸುದ್ದಿ ಹೇಳಿದರು. “ಕೆಂಪು ದಾಟಿದ್ದೀನಿ. ತಪ್ಪು ನಂದು.” ಅಷ್ಟೇ. ಅದೇ ಹೊತ್ತಿನಲ್ಲಿ ನಾನೇನು ಮಾಡುತ್ತಿದ್ದೆ ಗೊತ್ತೇ? ಮೂವತ್ತೆಂಟನೇ ಸಾಲಿನ ‘ಹಸಿರು’ ಹೊಡೆದುಹಾಕಿ ಅದೇ ಪೆನ್ನಿನಲ್ಲಿ ‘ಕೆಂಪು’ ಎಂದು ಬರೆಯುತ್ತಿದ್ದೆ. ಎದುರಿನ ರೈಲು ಇನ್ನೂ ಪೂರ್ತಿ ದಾಟಿರಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಕೈ ಕಂಡರೆ ಹೇಸಿಗೆಯಾಗುತ್ತದೆ.

ವಿಚಾರಣೆಯ ಕೋಣೆಯಲ್ಲಿ ಮೂವರು ಅಧಿಕಾರಿಗಳಿದ್ದರು. ಮೇಜಿನ ಗಾಜಿನ ಕೆಳಗೆ ಹಳೇ ಕ್ಯಾಲೆಂಡರಿನ ಹಾಳೆ, ಮೇಲೆ ನನ್ನ ಎಚ್ಚರಿಕೆ ಪಟ್ಟಿ. ಇಂಜಿನ್ನಿನೊಳಗಿನ ಮಾತನ್ನು ದಾಖಲಿಸುವ ಯಂತ್ರ ಕೆಟ್ಟು ವರ್ಷವಾಗಿತ್ತು, ಆದ್ದರಿಂದ ಅವರಿಗೆ ಆ ಹಾಳೆಯೇ ಸಾಕ್ಷಿ. ಹೊಡೆದುಹಾಕಿದ ‘ಹಸಿರು’ ಯಾಕೆಂದು ಯಾರೂ ಕೇಳಲಿಲ್ಲ, ಅಂಥ ತಿದ್ದುಪಡಿ ಎಲ್ಲರ ಹಾಳೆಯಲ್ಲೂ ಇರುತ್ತದೆ.

“ಇಲ್ಲಿ ಕೆಂಪು ಅಂತ ಬರೆದಿದ್ದೀರಿ. ನೀವು ಚಾಲಕರಿಗೆ ಕೂಗಿ ಹೇಳಿದ್ರಾ?”

“ಹೇಳಿದೆ ಸಾರ್.”

“ಏನಂತ?”

“ಕೆಂಪು ಅಂತ. ಎರಡು ಸಲ.”

ಎರಡು ಸಲ ಎಂಬುದನ್ನು ಅವರು ಕೇಳಿರಲಿಲ್ಲ, ನಾನೇ ಸೇರಿಸಿದೆ. ಬಡ್ತಿ ಪರೀಕ್ಷೆಗೆ ಮೂರು ವಾರವಿತ್ತು. ಕಂಚಣ್ಣ ಹೇಗೂ ತಪ್ಪು ಒಪ್ಪಿಕೊಂಡಿದ್ದಾರೆ, ನನ್ನದೊಂದು ಮಾತಿನಿಂದ ಅವರಿಗೆ ಹೊಸದಾಗಿ ಏನು ನಷ್ಟ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಮೇಲೆ ಅವರನ್ನು ಒಳಗೆ ಕರೆದು ನನ್ನ ಹೇಳಿಕೆ ಓದಿದರು. ಅವರು ಕೊಟ್ಟ ಉತ್ತರ ತಮ್ಮ ವರದಿಯ ಒಂಬತ್ತನೇ ಪುಟದಲ್ಲಿದೆ: “ಅವನು ಹೇಳಿದ್ದೀನಿ ಅಂದ್ರೆ ಹೇಳಿರ್ತಾನೆ. ಸುಳ್ಳು ಹೇಳೋನಲ್ಲ ಅವನು. ನನಗೇ ಕೇಳಿಸಿಲ್ಲ.”

ಇನ್ನು ತಮ್ಮ ಇಲಾಖೆಯ ಜಾಣತನ ನೋಡಿ. ಕೇಳಿಸಲಿಲ್ಲವೇ, ಹಾಗಾದರೆ ಕಿವಿ ಪರೀಕ್ಷೆಯಾಗಲಿ ಎಂದು ಅವರನ್ನು ರೈಲ್ವೆ ವೈದ್ಯರ ಹತ್ತಿರ ಕಳಿಸಿದಿರಿ. ವೈದ್ಯರು ಎರಡೂ ಕಿವಿ ಚೆನ್ನಾಗಿವೆ, ವಯಸ್ಸಿಗೆ ಮೀರಿ ಚುರುಕಾಗಿವೆ ಎಂದು ಬರೆದುಕೊಟ್ಟರು. ಕಿವಿ ಚೆನ್ನಾಗಿದೆ, ಸಹಾಯಕ ಎರಡು ಸಲ ಕೂಗಿದ್ದಾನೆ, ಅಂದಮೇಲೆ ಚಾಲಕ ಬೇಕೆಂದೇ ಎಚ್ಚರಿಕೆಯನ್ನು ಧಿಕ್ಕರಿಸಿದ್ದಾನೆ ಎಂದು ತೀರ್ಮಾನವಾಯಿತು. ಬರೀ ಕಣ್ತಪ್ಪಾಗಿದ್ದರೆ ಆರು ತಿಂಗಳ ಅಮಾನತು, ಮರು ತರಬೇತಿ. ಧಿಕ್ಕಾರಕ್ಕೆ ವಜಾ. ತಮ್ಮ ತರ್ಕದಲ್ಲಿ ಎಲ್ಲೂ ಲೋಪವಿಲ್ಲ ಮಾನ್ಯರೇ, ಅದರ ಬುಡದಲ್ಲಿ ನಾನಿದ್ದೇನೆ ಅನ್ನುವುದೊಂದನ್ನು ಬಿಟ್ಟರೆ.

ಮುಷ್ಕರ ಶುರುವಾಗಿ ಇವತ್ತಿಗೆ ಒಂಬತ್ತು ದಿನ. ಕಂಚಣ್ಣನನ್ನು ವಾಪಸು ತೆಗೆದುಕೊಳ್ಳಿ, ತಿರುವಿನ ಸಿಗ್ನಲ್ ಸರಿಸಿ ಎಂದು ಸಂಘದವರು ಶೆಡ್ಡಿನ ಗೇಟಿನ ಮುಂದೆ ಟಾರ್ಪಾಲ್ ಹಾಸಿ ಕೂತಿದ್ದಾರೆ. ‘ಎಚ್ಚರಿಸಿದರೂ ಕೇಳದ ಚಾಲಕನ ಪರವಾಗಿ ಮುಷ್ಕರವೇ?’ ಎಂದು ತಾವು ಪತ್ರಿಕೆಗಳಲ್ಲಿ ಕೇಳಿದ್ದೀರಿ. ದಾರಿಹೋಕರು ಅದನ್ನೇ ಅವರ ಮುಖಕ್ಕೆ ಎಸೆದು ಹೋಗುತ್ತಾರೆ. ಅವರು ಕೇಳುತ್ತಿರುವುದು ನ್ಯಾಯ. ನನ್ನ ದೆಸೆಯಿಂದ ಅದು ಭಿಕ್ಷೆಯ ಹಾಗೆ ಕಾಣುತ್ತಿದೆ.

ಐದನೇ ದಿನ ನಾನು ಅದೇ ಗೇಟು ದಾಟಿ ಕೆಲಸಕ್ಕೆ ಹೋದೆ. ಹೌದು, ಹೋದೆ. ಬಡ್ತಿಯಾಗಿತ್ತು, ಚಾಲಕನಾಗಿ ರೈಲು ನಡೆಸು ಎಂದು ತಾವು ಆದೇಶ ಕಳಿಸಿದ್ದಿರಿ. ಕೂತವರು ಕಾಲು ಮಡಚಿಕೊಂಡು ದಾರಿ ಬಿಟ್ಟರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಸಂಘದ ಕಾರ್ಯದರ್ಶಿಯಾಗಿರುವ ಟಿಕೆಟ್ ಕೌಂಟರಿನ ಅಕ್ಕ ನನ್ನ ಕೈ ಹಿಡಿದು ನಿಲ್ಲಿಸಿದರು. “ನಿನ್ನ ಮೇಲೆ ನಮಗೆ ಸಿಟ್ಟಿಲ್ಲಪ್ಪ. ನೀನು ನಿನ್ನ ಕೆಲಸ ಸರಿಯಾಗಿ ಮಾಡಿದೆ. ಅವರದ್ದು ತಪ್ಪಾಯ್ತು, ಆದ್ರೂ ಇಷ್ಟು ವರ್ಷ ದುಡಿದವರಲ್ವಾ?” ಅಂದರು. ನಾನು ತಲೆಯಾಡಿಸಿ ಒಳಗೆ ಹೋದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆವತ್ತು ನನ್ನ ಪಕ್ಕ ಕೂರಲು ತಾವು ಕಳಿಸಿದ್ದು ನಿವೃತ್ತರಾಗಿ ನಾಲ್ಕು ವರ್ಷವಾದ ಒಬ್ಬ ಹಿರಿಯರನ್ನು. ಕನ್ನಡಕ ಏರಿಸಿ ಎಚ್ಚರಿಕೆ ಪಟ್ಟಿ ತುಂಬಲು ಕೂತರು. ಗಿರಣಿಯ ತಿರುವು ಬಂತು. ಮೈಯೆಲ್ಲ ಕಣ್ಣಾಗಿ ಕಾಯುತ್ತಿದ್ದೆ, ಆ ತಿರುವಿನ ಗುಟ್ಟು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಬಿಸಿಲಿನಲ್ಲಿ ಒಂದು ಹಸಿರು ದೀಪ ಕಂಡದ್ದೇ ತಡ, ನನ್ನ ಬಾಯಿ ‘ಹಸಿರು’ ಅಂದಿತು. ಪಕ್ಕದಿಂದಲೂ ‘ಹಸಿರು’ ಎಂದು ಬಂತು. ಅದು ಪಕ್ಕದ ಹಳಿಯದು. ನಮ್ಮದೂ ಆವತ್ತು ಹಸಿರೇ ಇತ್ತು, ನನ್ನ ಪುಣ್ಯ.

“ನೀವು ನೋಡಿದ್ರಾ?” ಎಂದು ಕೇಳಿದೆ.

ಅವರು ಹಾಳೆಯಿಂದ ತಲೆ ಎತ್ತಿ, ಇದೆಂಥ ಪ್ರಶ್ನೆ ಅನ್ನುವ ಹಾಗೆ ನನ್ನ ಮುಖ ನೋಡಿದರು. “ನೀನು ನೋಡಿದ್ಯಲ್ಲಪ್ಪ,” ಅಂದರು.

ಆರು ವರ್ಷ ನಾನು ಮಾಡಿದ್ದು ಇದನ್ನೇ. ಮರುದಿನದಿಂದ ಡ್ಯೂಟಿಗೆ ಹೋಗಿಲ್ಲ. ಮನೆಯ ಹಾಲಿನಲ್ಲಿ ಹೆಂಡತಿ ತೂಗುಹಾಕಿದ್ದ ಪ್ರಶಂಸಾ ಪತ್ರವನ್ನು ಇಳಿಸಿದೆ. ಯಾಕೆ ಅಂತ ಕೇಳಿದಳು, ಹೇಳಿದೆ. “ನನಗೆ ಹೇಳಿದ್ರೆ ಏನು ಬಂತು? ಅವರನ್ನ ಕೆಲಸದಿಂದ ತೆಗೆದವಳು ನಾನಾ?” ಅಂದಳು.

ಮೊನ್ನೆ ಕಂಚಣ್ಣನ ಮನೆಗೆ ಹೋದೆ, ಹೇಳಿಬಿಡೋಣ ಎಂದು. ಹಾಲಿನಲ್ಲಿ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಒಳಗೆ ಅಡುಗೆಮನೆಯಿಂದ ಅತ್ತಿಗೆ ಮೆಲ್ಲನೆ ‘ಹಳದಿ’ ಅಂದರು. ಕಂಚಣ್ಣ ‘ಹಳದಿ’ ಅಂದರು. ಅತ್ತಿಗೆ ಇನ್ನೂ ಮೆಲ್ಲನೆ ‘ಕೆಂಪು’ ಅಂದರು. ‘ಕೆಂಪು.’ ನನಗೆ ಮೊದಲು ಅರ್ಥವಾಗಲಿಲ್ಲ. ಅತ್ತಿಗೆ ಟೀ ತಂದು ಕೊಡುತ್ತ, “ದಿನಾ ಬೆಳಗ್ಗೆ ಹೀಗೇ. ನಾನು ಪಾತ್ರೆ ತೊಳೀತಾ ಬಣ್ಣ ಹೇಳ್ಬೇಕು,” ಅಂದರು. ಅವರ ಕಣ್ಣು ಕೆಂಪಾಗಿತ್ತು.

“ಕಿವಿ ಸರಿ ಇದೆಯಂತೆ ಕಣೋ,” ಅಂದರು ಕಂಚಣ್ಣ. ಕಂಚಿನ ಕಂಠ ಎಲ್ಲಿ ಹೋಯಿತೋ. “ಹಾಗಾದ್ರೆ ತಲೇನೇ ಕೆಟ್ಟಿರ್ಬೇಕು. ಪಕ್ಕದಲ್ಲೇ ಕೂತು ನೀನು ಎರಡೆರಡು ಸಲ ಕೂಗಿದೀಯ. ಯಾಕೆ ಕೇಳಿಸ್ಲಿಲ್ಲ ಹೇಳು?”

ಹೇಳಲು ಹೋದವನು ನಾನು. ಬಾಯಿ ತೆರೆದೆ. “ಗಾಳಿ ಜೋರಿತ್ತಣ್ಣ,” ಅಂದೆ. ಆವತ್ತು ಎಲೆ ಅಲುಗುವಷ್ಟು ಗಾಳಿಯೂ ಇರಲಿಲ್ಲ. ಅವರು ಅದನ್ನೂ ನಂಬಿದರು. ನಾನು ಟೀ ಕುಡಿದು, ಲೋಟ ಕೆಳಗಿಟ್ಟು, ಬಂದುಬಿಟ್ಟೆ.

ಕೆಲಸ ಕಳೆದುಕೊಂಡ ಮನುಷ್ಯನನ್ನು ನಾನು ನೋಡಲು ಹೋಗಿದ್ದೆ. ಅಲ್ಲಿ ಕಂಡದ್ದು ತನ್ನ ತಲೆಯ ಮೇಲಿನ ನಂಬಿಕೆಯನ್ನೇ ಕಳೆದುಕೊಂಡ ಮನುಷ್ಯನನ್ನು. ತಾವು ಅವರ ಕೆಲಸ ಕಿತ್ತುಕೊಂಡಿರಿ, ಆ ನಂಬಿಕೆಯನ್ನು ಕಿತ್ತುಕೊಂಡವನು ನಾನು. ಇದಕ್ಕೆ ತಮ್ಮ ನಿಯಮಾವಳಿಯಲ್ಲಿ ಯಾವ ಕಲಮಿದೆಯೋ ಹುಡುಕಿ ನನ್ನ ಮೇಲೆ ಹಾಕಿ. ಇಲ್ಲವಾದರೆ ಸುಳ್ಳು ಸಾಕ್ಷಿಯ ಕಲಮಂತೂ ಇದ್ದೇ ಇದೆ.

ನನ್ನ ಬೇಡಿಕೆ ಇಷ್ಟು. ಕಂಚಣ್ಣನ ವಜಾ ಆದೇಶ ಇವತ್ತೇ ರದ್ದಾಗಲಿ. ಕಣ್ತಪ್ಪಿಗೆ ಎಷ್ಟು ಶಿಕ್ಷೆಯೋ ಅಷ್ಟನ್ನು ಕೊಡಿ, ಬೇಡವೆನ್ನುವವರಲ್ಲ ಅವರು. ಗೇಟಿನ ಮುಂದೆ ಕೂತವರನ್ನು ಒಳಗೆ ಕರೆದು ಕುರ್ಚಿ ಕೊಟ್ಟು ಮಾತಾಡಿ, ಆ ಸಿಗ್ನಲ್ ಸರಿಸಿ. ಅಲ್ಲಿಯವರೆಗೆ ಸಹಾಯಕರ ಕೈಯಿಂದ ಆ ಹಾಳೆಯನ್ನಾದರೂ ಕಿತ್ತುಕೊಳ್ಳಿ, ಅವರು ತಲೆ ಎತ್ತಿ ಕೂರಲಿ. ಗೋಡೆಗಳ ಮೇಲಿನ ನನ್ನ ಫೋಟೋ ತೆಗೆಸಿ. ಪ್ರಶಂಸಾ ಪತ್ರವನ್ನು ಇದರ ಜೊತೆಗೇ ಲಗತ್ತಿಸಿದ್ದೇನೆ, ಕಟ್ಟು ಹಾಕಿಸಿದ ಗಾಜು ಸಮೇತ.

ಈ ಪತ್ರ ತಮ್ಮ ಮೇಜಿಗೆ ಬರುವ ಮೊದಲೇ ನಾನು ಕಂಚಣ್ಣನ ಮನೆಗೆ ಹೋಗಿರುತ್ತೇನೆ. ಈ ಸಲ ನನ್ನ ನಾಲಿಗೆಯನ್ನು ನಂಬುವುದಿಲ್ಲ, ಬರೆದದ್ದನ್ನು ಅವರೆದುರು ನಿಂತು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ಗಟ್ಟಿಯಾಗಿ ಓದಬೇಕಾದ ಅಗತ್ಯವಿಲ್ಲ. ಅವರ ಕಿವಿ ಚೆನ್ನಾಗಿದೆ. ತಮ್ಮ ವೈದ್ಯರೇ ಬರೆದುಕೊಟ್ಟಿದ್ದಾರೆ.

ಇಂತಿ,
ತಮ್ಮ ಗೋಡೆಗಳ ಮೇಲೆ ಇನ್ನೂ ನಗುತ್ತಿರುವ,
ಆವತ್ತು ತಲೆ ಎತ್ತದ ಸಹಾಯಕ