ಗ್ಯಾಲರಿಗೆ ಬರುವ ಅಪ್ಪನಿಗೆ

ಅಪ್ಪಾ,

ನಾನು ಮೈದಾನಕ್ಕೆ ಹೊರಟೆ. ಊಟ ಮುಚ್ಚಿಟ್ಟಿದೀನಿ, ಬಿಸಿ ಮಾಡ್ಕೊಂಡು ತಿನ್ನು. ಹುಬ್ಬಿನ ಗಾಯಕ್ಕೆ ಮುಲಾಮು ಹಚ್ಚು, ಟ್ಯೂಬು ಕನ್ನಡಿ ಹತ್ತಿರ ಇದೆ.

ಮ್ಯಾಚಿಗೆ ಬರಬೇಡ ಅಂದ್ರೆ ನೀನು ಕೇಳೋನಲ್ಲ. ಬಾ. ಆದರೆ ಹೋದ ಭಾನುವಾರದ ಹಾಗೆ ಒಬ್ಬನೇ ಎದ್ದು ನಿಂತು, "ರೆಫರಿ ಕೊಟ್ಟ ತೀರ್ಪು ಸರಿಯಾಗೇ ಇದೆ" ಅಂತ ಇಡೀ ಗ್ಯಾಲರಿ ಜೊತೆ ಜಗಳಕ್ಕೆ ಬಿದ್ದು ಹೊಡೆಸಿಕೊಳ್ಳಬೇಡ. ರೆಫರಿ ಪರ ಮಾತಾಡೋನು ಅವಳ ಅಪ್ಪನೇ ಇರಬೇಕು ಅಂತ ಯಾರಿಗಾದರೂ ಗೊತ್ತಾಗುತ್ತೆ.

ಎಲ್ಲರೂ ನನ್ನನ್ನ ಬೈದಾಗ ನೀನೂ ಬೈ. ಬೈಗುಳ ಬಾಯಿಗೆ ಬರದಿದ್ರೆ "ಕಣ್ಣು ಕಾಣಲ್ವಾ" ಅಂದ್ರೂ ಸಾಕು. ಜೋರಾಗಿ ಅನ್ನು. ಅಷ್ಟು ಗಲಾಟೆಯಲ್ಲೂ ನಿನ್ನ ದನಿ ನನಗೆ ಗೊತ್ತಾಗುತ್ತೆ. ಬಂದಿದೀಯ ಅಂತ ತಿಳ್ಕೋತೀನಿ.