ದಾರಿಯ ಕಾಲಂ ಕತ್ತರಿಸಿದವರಿಗೆ

ಕ್ಲೌಡ್ ವರ್ಗಾವಣೆಯ ಯೋಜನಾಧಿಕಾರಿಗಳಾದ ಮಾನ್ಯರೇ,

ನಮ್ಮ ಘಟಕದ ಹಳೆಯ ಕಂಪ್ಯೂಟರಿನ ಡಿಸ್ಕನ್ನು ಇದೇ ಇಪ್ಪತ್ತೆಂಟನೇ ತಾರೀಕಿಗೆ ನಾಶಪಡಿಸಲಾಗುವುದು ಎಂದು ತಮ್ಮ ಕಚೇರಿಯಿಂದ ಪತ್ರ ಬಂದಿದೆ. ದಯವಿಟ್ಟು ಮಾಡಬೇಡಿ. ಅದರೊಳಗೆ ನಾನೂರ ಹನ್ನೆರಡು ರೋಗಿಗಳ ಮನೆಗೆ ಹೋಗುವ ದಾರಿ ಇದೆ. ಅದು ನಿಮ್ಮ ಕ್ಲೌಡಿಗೆ ಪೂರ್ತಿ ಹೋಗಿಲ್ಲ, ಬೇರೆಲ್ಲೂ ಇಲ್ಲ. ಇದನ್ನೇ ಎರಡು ಸಲ ಇಮೇಲಿನಲ್ಲಿ ಬರೆದೆ. ಎರಡು ಸಲವೂ ಟಿಕೆಟ್ ನಂಬರ್ ಬಂತು, ಮರುದಿನ ‘ತಮ್ಮ ಸಮಸ್ಯೆಯನ್ನು ಪರಿಹರಿಸಲಾಗಿದೆ’ ಎಂಬ ಸಂದೇಶವೂ ಬಂತು. ಪರಿಹಾರ ಆದದ್ದು ಯಾರಿಗೆ ಎಂದು ನನಗೆ ತಿಳಿಯಲಿಲ್ಲ. ಹಾಗಾಗಿ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಪುತ್ತೂರಿನಲ್ಲಿ ಡಾಟಾ ಎಂಟ್ರಿ ಆಪರೇಟರ್. ಗುತ್ತಿಗೆಯವಳು, ಹನ್ನೊಂದು ವರ್ಷವಾಯಿತು. ವಾಸಿಯಾಗದ ಕಾಯಿಲೆಯವರ ಮನೆಗೆ ನರ್ಸನ್ನೂ ನೋವಿನ ಮಾತ್ರೆಯನ್ನೂ ಒಯ್ಯುವ ಜೀಪೊಂದು ನಮ್ಮಲ್ಲಿದೆ. ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕಿಗೂ ಅದೊಂದೇ. ತಾವು ಈ ಕಡೆ ಬಂದದ್ದುಂಟೋ ಇಲ್ಲವೋ. ಇಲ್ಲಿ ಒಂದನೇ ಅಡ್ಡರಸ್ತೆ, ಎರಡನೇ ಮುಖ್ಯರಸ್ತೆ ಎಂಬುದಿಲ್ಲ; ಗುಡ್ಡಕ್ಕೊಂದು ಮನೆ. ಬರೀ ವಿಳಾಸ ಹಿಡಿದು ಹೊರಟರೆ ಸಂಜೆಯವರೆಗೆ ಸುತ್ತಬಹುದು. ಅದಕ್ಕೆ ನಮ್ಮ ಡ್ರೈವರ್ ಮಹಾಬಲಣ್ಣ ಹೊಸ ಮನೆಯೊಂದಕ್ಕೆ ಹೋಗಿ ಬಂದ ಕೂಡಲೇ ನನ್ನ ಮೇಜಿನ ಪಕ್ಕ ನಿಂತು ದಾರಿ ಹೇಳುತ್ತಿದ್ದರು, ನಾನು ಅವರ ಮಾತಿನಲ್ಲೇ ಟೈಪು ಮಾಡುತ್ತಿದ್ದೆ. ಎಡಕ್ಕೆ ಬಲಕ್ಕೆ ಮಾತ್ರವಲ್ಲ. ಐವರ್ನಾಡಿನ ಮನೆಯೊಂದಕ್ಕೆ ‘ಹೊಳೆ ದಾಟುವ ಸಂಕದಿಂದ ಮೇಲೆ ಜೀಪು ತರುದು ಬೇಡ, ಸದ್ದಿಗೆ ರೋಗಿ ಹೆದರುದುಂಟು’ ಎಂದು ಬರೆಸಿದ್ದರು. ಅರಂತೋಡಿನ ಮನೆಯೊಂದಕ್ಕೆ ‘ಮದ್ದು ಹೆಂಡತಿಯ ಕೈಯಲ್ಲೇ ಕೊಡುದು, ಅಣ್ಣನ ಕೈಯಲ್ಲಿ ಕೊಟ್ರೆ ರೋಗಿಗೆ ಮುಟ್ಟುದಿಲ್ಲ’ ಎಂದು.

“ಮಹಾಬಲಣ್ಣ, ಇದೆಲ್ಲ ದಾರಿಯಾ?” ಎಂದು ನಾನೊಮ್ಮೆ ನಕ್ಕಿದ್ದೆ.

“ಮತ್ತೆಂತ ಮಾರಾಯ್ತಿ? ಗೇಟಿನ ತನಕ ಹೋದ್ರೆ ಮನೆಗೆ ಹೋದ ಹಾಗಾಯ್ತಾ?” ಎಂದಿದ್ದರು. ಅವರು ಕಳೆದ ವರ್ಷ ನಿವೃತ್ತರಾದರು, ಎರಡೇ ತಿಂಗಳಿಗೆ ತೀರಿಕೊಂಡರು.

ಈಗ ತಮ್ಮ ಕೈಪಿಡಿಯ ವಿಷಯ. ‘ವರ್ಗಾವಣೆಯ ಅಗತ್ಯಗಳು ಮತ್ತು ಮಿತಿಗಳು’, ಮೂವತ್ತೆಂಟು ಪುಟ, ಪೂರ್ತಿ ಇಂಗ್ಲಿಷಿನಲ್ಲಿ. ತಮ್ಮಲ್ಲಿ ಅದನ್ನು ಕೊನೆತನಕ ಓದಿದವರು ಎಷ್ಟು ಜನವೋ, ನಾನಂತೂ ಓದಿದ್ದೇನೆ. ಅಗತ್ಯಗಳೆಲ್ಲ ನನ್ನ ತಲೆಗೆ, ಮಿತಿಗಳೆಲ್ಲ ನಿಮ್ಮ ಕ್ಲೌಡಿಗೆ. ಪ್ರತಿ ಪಟ್ಟಿಯಲ್ಲೂ ಪ್ರತಿ ಸಾಲಿಗೆ ಬೇರೆ ಬೇರೆ ಗುರುತುಸಂಖ್ಯೆ ಇರಲೇಬೇಕು ಎಂದಿರಿ, ಕೊಟ್ಟೆ. ರೋಗಿಗಳ ಪಟ್ಟಿ, ಮದ್ದಿನ ಪಟ್ಟಿ, ಭೇಟಿಗಳ ಪಟ್ಟಿ ಈ ಮೂರರ ನಡುವಿನ ಕೊಂಡಿ ಎಲ್ಲೂ ತಪ್ಪಿರಬಾರದು ಎಂದಿರಿ, ಹದಿನೇಳು ದಿನ ಕೂತು ಸರಿ ಮಾಡಿದೆ. ಮೂವತ್ತೊಂದನೇ ಪುಟದ ಅಡಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಒಂದು ಮಿತಿ ಇತ್ತು: ಯಾವ ಟಿಪ್ಪಣಿಯೂ ಇನ್ನೂರ ಐವತ್ತೈದು ಬೈಟು ಮೀರುವಂತಿಲ್ಲ, ಮೀರಿದ್ದು ತಾನಾಗಿ ಕತ್ತರಿಸಿಹೋಗುತ್ತದೆ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು ಸಾಕಂತೆ. ನಮ್ಮ ಕನ್ನಡದ ಅಕ್ಷರಕ್ಕೆ ಮೂರು, ಅದರ ಕೊಂಬಿಗೆ ಮತ್ತೆ ಮೂರು, ಒತ್ತಕ್ಷರಕ್ಕೆ ಇನ್ನೂ ಜಾಸ್ತಿ. ಅಂದರೆ ಮಹಾಬಲಣ್ಣ ಹೇಳಿದ ದಾರಿಯಲ್ಲಿ ಮೊದಲ ಹನ್ನೆರಡು ಹದಿನೈದು ಪದ ಉಳಿಯುತ್ತದೆ. ಉಳಿದದ್ದು?

ಇದನ್ನು ವೀಡಿಯೊ ಸಭೆಯಲ್ಲಿ ಕೈಯೆತ್ತಿ ಕೇಳಿದೆ. “ಮೇಡಂ, ಕನ್ನಡದಲ್ಲಿ ಅಷ್ಟುದ್ದ ಬರೆಯಲು ಯಾರು ಹೇಳಿದ್ದು? ಲೊಕೇಶನ್ ಹಾಕಿ, ಮುಗಿಯಿತು” ಎಂದಿರಿ. ನಾನೂರು ಮನೆಗೆ ಹೋಗಿ ಲೊಕೇಶನ್ ತರಲು ಜೀಪು ಯಾವುದು, ದಿನ ಯಾವುದು? ಹೋಗಲಿ, ಒಂದು ಪ್ರಿಂಟಾದರೂ ತೆಗೆದಿಡಲೇ ಎಂದೆ. ರೋಗಿಗಳ ಗೌಪ್ಯತೆಯ ದೃಷ್ಟಿಯಿಂದ ಮುದ್ರಿತ ಪ್ರತಿ ತೆಗೆಯುವುದನ್ನು ನಿಷೇಧಿಸಲಾಗಿದೆ ಎಂದಿರಿ. ಗೌಪ್ಯತೆಯ ಮೇಲೆ ತಮಗಿರುವ ಕಾಳಜಿ ಕಂಡು ಬಾಯಿ ಮುಚ್ಚಿದೆ. ವರ್ಗಾವಣೆಯ ದಿನ ತೆರೆಯ ಮೇಲೆ ‘ಕೆಲವು ಮಾಹಿತಿ ಕತ್ತರಿಸಲ್ಪಡಬಹುದು, ಮುಂದುವರಿಯಬೇಕೇ?’ ಎಂಬ ಅರ್ಥದ ಪ್ರಶ್ನೆ ಬಂತು. ನಿಮ್ಮವರು ಫೋನಿನಲ್ಲೇ ಇದ್ದರು. “ಒತ್ತಿ ಮೇಡಂ, ನಿಮ್ಮದೊಂದೇ ಬಾಕಿ” ಎಂದರು. ನಾನು ಒತ್ತಿದೆ. ಹೌದು, ನಾನೇ. ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ. ಸಂಜೆ ಹಳೆಯ ಕಂಪ್ಯೂಟರಿಗೆ ಸೀಲು ಹಾಕಿ ಒಯ್ದರು.

ಕಡಬ ತಾಲೂಕಿನ ಒಬ್ಬ ತಾಯಿಯ ಕಥೆ ಹೇಳುತ್ತೇನೆ. ದುಗ್ಗಮ್ಮ ಎಂದಿಟ್ಟುಕೊಳ್ಳಿ, ಆಲಂಕಾರಿನವರು ಎಂದಿಟ್ಟುಕೊಳ್ಳಿ. ನಿಜವಾದ ಹೆಸರೂ ಊರೂ ಬೇರೆ, ಅವರ ಮಾನ ಹರಾಜಾದದ್ದು ಈಗಾಗಲೇ ಸಾಕಷ್ಟಾಗಿದೆ. ಎದೆಯ ಕ್ಯಾನ್ಸರು ಎಲುಬಿಗೆ ಹೋಗಿದೆ, ಹುಣ್ಣು ಒಡೆದಿದೆ. ಹದಿನೈದು ದಿನಕ್ಕೊಮ್ಮೆ ಹುಣ್ಣು ತೊಳೆದು ಮಾತ್ರೆ ಕೊಟ್ಟು ಬರಬೇಕು. ಊರಿಗೆ ಅವರು ಹೇಳಿದ್ದು ಸೊಂಟನೋವು ಎಂದು. ಯಾಕೆಂದರೆ ಮಗಳಿಗೆ, ಅವಳ ಹೆಸರು ಸುರಕ್ಷಾ ಎಂದಿಟ್ಟುಕೊಳ್ಳಿ, ಗಂಡು ನೋಡುತ್ತಿದ್ದಾರೆ; ತಾಯಿಗೆ ಬಂದದ್ದು ನಾಳೆ ಮಗಳಿಗೂ ಬರುತ್ತದೆ ಎಂದು ಗಂಡಿನ ಕಡೆಯವರು ಹಿಂದೆ ಸರಿಯುತ್ತಾರೆ ಎಂಬ ಭಯ. ಮಹಾಬಲಣ್ಣ ಜೀಪನ್ನು ಹಳೇ ಶಾಲೆಯ ಮರೆಯಲ್ಲಿ ನಿಲ್ಲಿಸುತ್ತಿದ್ದರು. ನರ್ಸು ಸೀರೆಯುಟ್ಟು, ಕೊಡೆ ಹಿಡಿದು, ನೆಂಟರ ಹಾಗೆ ಕಾಲುದಾರಿಯಲ್ಲಿ ನಡೆದು ಹೋಗುತ್ತಿದ್ದರು. ಅವರ ನಂತರ ಬಂದವರೂ ಟಿಪ್ಪಣಿ ಓದಿ ಹಾಗೆಯೇ ಮಾಡಿದರು. ಎರಡು ವರ್ಷ ಒಂದು ನರಪಿಳ್ಳೆಗೂ ತಿಳಿಯಲಿಲ್ಲ.

ಕ್ಲೌಡಿನಲ್ಲಿ ದುಗ್ಗಮ್ಮನ ದಾರಿ ಈಗ ಇಷ್ಟು: ‘ಪೇಟೆ ದಾಟಿ ಎರಡು ಕಿಲೋಮೀಟರ್ ಮುಂದೆ, ಬಲಕ್ಕೆ ಇಳಿಯುವ ಮಣ್ಣಿನ ರಸ್ತೆ, ಹಳೇ ಶಾಲೆ ಸಿಗ್ತದೆ, ಅಲ್ಲಿ ಜೀಪು ನಿಲ್ಲಿಸ’. ಅಲ್ಲಿಗೆ ಇನ್ನೂರ ಐವತ್ತನಾಲ್ಕು ಬೈಟು. ಹೊಸ ಡ್ರೈವರ್ ಲತೀಶ್, ಹೊಸ ನರ್ಸು ಸುಹಾನಾ. ಇಬ್ಬರೂ ಕೆಲಸಕ್ಕೆ ಸೇರಿ ತಿಂಗಳಾಗಿರಲಿಲ್ಲ. ಶಾಲೆ ಸಿಕ್ಕಿತು, ಮನೆ ಕಾಣಲಿಲ್ಲ. ಯಾರಾದರೂ ಮಾಡುವುದನ್ನೇ ಲತೀಶ್ ಮಾಡಿದ. ಎದುರಿನ ಅಂಗಡಿಯ ಜಗಲಿಯಲ್ಲಿ ಕೂತಿದ್ದ ನಾಲ್ಕು ಜನರಿಗೆ ಕೇಳುವ ಹಾಗೆ, “ಅಣ್ಣಾ, ಇಲ್ಲಿ ಕ್ಯಾನ್ಸರ್ ಆದವರು ಒಬ್ರು ದುಗ್ಗಮ್ಮ ಹೇಳಿ ಉಂಟಲ್ಲಾ, ಮನೆ ಎಲ್ಲಿ?” ಎಂದ. ಪಾಪದ ಹುಡುಗ. ಅವನದ್ದೇನು ತಪ್ಪು?

ಆ ಭಾನುವಾರವೇ ಗಂಡಿನ ಕಡೆಯಿಂದ ಜಾತಕ ಕೂಡುವುದಿಲ್ಲ ಎಂದು ಹೇಳಿಕಳಿಸಿದರು. ತಿಂಗಳ ಹಿಂದೆ ಚೆನ್ನಾಗಿ ಕೂಡಿದ್ದ ಜಾತಕ! ಮುಂದಿನ ಸರದಿಯಲ್ಲಿ ಸುಹಾನಾ ಹೋದಾಗ ದುಗ್ಗಮ್ಮ ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದು ತಡೆದರಂತೆ. “ನೀವಿನ್ನು ಬರುದು ಬೇಡ ಮಗಾ. ನನಗೆ ನೋವಿಲ್ಲ.” ಹುಣ್ಣು ಸೋರಿ ಸೆರಗು ಒದ್ದೆಯಾಗಿತ್ತು ಎಂದು ಸುಹಾನಾ ನನ್ನ ಮುಂದೆ ಅತ್ತಳು. ನಿಮ್ಮ ಹೊಸ ವ್ಯವಸ್ಥೆಯಲ್ಲಿ ಅವಳು ಆರಿಸಬಹುದಾದ ಉತ್ತರ ಮೂರೇ: ಗುಣಮುಖ, ಮರಣ, ಸೇವೆ ನಿರಾಕರಣೆ. ಮೂರನೆಯದನ್ನು ಒತ್ತಿದಳು. ಒತ್ತಿದ ಕ್ಷಣದಿಂದ ದುಗ್ಗಮ್ಮನ ಮಾತ್ರೆ ನಿಂತಿದೆ.

ನಾನು ರಜೆಯ ದಿನ ಬಸ್ಸು ಹಿಡಿದು ದುಗ್ಗಮ್ಮನ ಮನೆಗೆ ಹೋದೆ, ನೆಂಟರ ಹಾಗೆ ಒಂದು ಪೊಟ್ಟಣ ಹಣ್ಣು ಹಿಡಿದುಕೊಂಡು. ಅವರು ತುಳುವಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅಕ್ಕಾ, ನೀವಾದ್ರೂ ಅಮ್ಮನಿಗೆ ಬುದ್ಧಿ ಹೇಳಿ,” ಎಂದಳು ಸುರಕ್ಷಾ. “ಮದುವೆ ಆಗದಿದ್ರೆ ನಾನೆಂತ ಸಾಯುದಿಲ್ಲ. ಇವ್ರು ಇರುಳಿಡೀ ಬಟ್ಟೆ ಕಚ್ಚಿಕೊಂಡು ಇರ್ತಾರೆ, ನನಗೆ ಕೇಳ್ಬಾರ್ದೂಂತ.”

“ನೀನು ಸುಮ್ಮನಿರು,” ಎಂದರು ದುಗ್ಗಮ್ಮ. ನನ್ನತ್ತ ತಿರುಗಿ, “ಸುಳ್ಯದ ಕಡೆಯಿಂದ ಒಬ್ರು ನೋಡ್ಲಿಕ್ಕೆ ಬರುದುಂಟು. ಅವರಿಗಿನ್ನೂ ವಿಷಯ ಗೊತ್ತಿಲ್ಲ. ಒಂದು ಎರಡು ತಿಂಗಳು ಜೀಪು ಕಾಣದಿದ್ರೆ ಸಾಕು,” ಎಂದರು.

ಎರಡು ತಿಂಗಳು! ಅವರ ಹತ್ತಿರ ಎರಡು ತಿಂಗಳು ಉಂಟೋ ಇಲ್ಲವೋ ಎಂದು ಸುಹಾನಾಳಿಗೆ ಗೊತ್ತು, ನನಗೂ ಗೊತ್ತು. ಜೀಪು ಮರೆಯಲ್ಲಿ ನಿಲ್ಲುತ್ತದೆ, ನಂಬಿ ಎಂದೆ. ಅವರು ನನ್ನ ಮುಖವನ್ನೇ ನೋಡಿದರು, ಬೈಯಲೂ ಇಲ್ಲ. ಬೈದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಮಾನ್ಯರೇ, ಉಳಿದ ನಾನೂರ ಹನ್ನೊಂದು ಟಿಪ್ಪಣಿಗಳಲ್ಲಿ ಯಾರಲ್ಲಿ ಕೇಳಬಾರದು, ಏನು ಹೇಳಬಾರದು ಎಂದು ಮಹಾಬಲಣ್ಣ ಬರೆಸಿದ್ದು ಎಷ್ಟಿತ್ತೋ! ನನಗೆ ಮೂವತ್ತೋ ನಲವತ್ತೋ ನೆನಪಿದೆ. ಮಿಕ್ಕದ್ದು ಇನ್ನೊಂದು ಅಂಗಡಿಯ ಮುಂದೆ ಗೊತ್ತಾಗಬಹುದು. ಅದಕ್ಕೇ ಕೇಳುತ್ತಿದ್ದೇನೆ: ಇಪ್ಪತ್ತೆಂಟರ ಮೊದಲು ಆ ಹಳೆಯ ಕಂಪ್ಯೂಟರಿನ ಮುಂದೆ ನನಗೆ ನಾಲ್ಕು ಗಂಟೆ ಕೊಡಿ. ಪಕ್ಕದಲ್ಲಿ ಪೊಲೀಸರನ್ನು ಬೇಕಾದರೂ ನಿಲ್ಲಿಸಿ. ಒಂದು ಕಾಲಂ ಮಾತ್ರ ಸಾಕು. ಕ್ಲೌಡಿನಲ್ಲಿ ಅದಕ್ಕೆ ಜಾಗ ಹಿಗ್ಗಿಸಿ. ದುಗ್ಗಮ್ಮ ಒಪ್ಪಿದ ದಿನ ಅವರ ಮಾತ್ರೆ ಹೊಸ ಅರ್ಜಿಯಿಲ್ಲದೆ ಶುರುವಾಗಲಿ.

ಹೊರಡುವಾಗ ದುಗ್ಗಮ್ಮ ನನ್ನ ಕೈ ಹಿಡಿದು, “ನನ್ನ ಹೆಸರನ್ನೂ ಕಾಯಿಲೆಯನ್ನೂ ಆ ಕಂಪ್ಯೂಟರಿಂದ ಪೂರ್ತಿ ಅಳಿಸ್ಲಿಕ್ಕೆ ಆಗ್ತದಾ?” ಎಂದು ಕೇಳಿದರು. ಕೈಪಿಡಿಯ ಮೂವತ್ತನಾಲ್ಕನೇ ಪುಟ ನಾನು ಓದಿದ್ದೇನೆ: ಒಮ್ಮೆ ಕ್ಲೌಡಿಗೆ ಸೇರಿದ ರೋಗಿಯ ದಾಖಲೆಯನ್ನು ಏಳು ವರ್ಷ ಯಾರೂ ಅಳಿಸುವಂತಿಲ್ಲ. ಆದರೂ, “ಮೇಲಿನವರಲ್ಲಿ ಕೇಳಿ ಹೇಳ್ತೇನೆ ಅಮ್ಮ,” ಎಂದೆ. ಮುಂದಿನ ಭಾನುವಾರ ಮತ್ತೆ ಹೋಗುವವಳಿದ್ದೇನೆ. ಮಾತ್ರೆ ಕೊಂಡೊಯ್ಯುವ ಅಧಿಕಾರ ನನಗಿಲ್ಲ. ಅವರಿಗೆ ಏನು ಹೇಳಬೇಕೆಂದಾದರೂ ತಿಳಿಸಿ.

ಇಂತಿ,
ಈ ಪತ್ರ ಅಚ್ಚಾಗುವ ದಿನದವರೆಗೆ ಮಾತ್ರ ತಮ್ಮ ಗುತ್ತಿಗೆ ಆಪರೇಟರ್,
ಹರಿಣಾಕ್ಷಿ
ಪುತ್ತೂರು