ಹಳದಿ ಬೆನ್ನಿನ ಹಿಂಡು

ಜುಲೈ 8
ಇವತ್ತಿಗೆ ಹತ್ತು ಹೆಣ್ಣು ನಾಯಿಗೆ ಚುಚ್ಚಿ ಮುಗಿಯಿತು. ಯಮಕನಮರಡಿ ಕಲ್ಲುಖಣಿಯಲ್ಲಿ ಕಾಡುಬಿದ್ದ ಹಿಂಡು. ಮರಿ ಆಗದಂತೆ ಲಸಿಕೆ — ಟ್ರಯಲ್. ಚುಚ್ಚಿದ್ದಕ್ಕೆ ಬೆನ್ನಿಗೆ ಬಣ್ಣ. ಕೆಂಪು ಸಿಗದೆ, ಗೋಕಾಕದಿಂದ ಹಳದಿ ತರಿಸಿದ್ದೆ.

ಕುರಿ ಕಾಯುವ ಸಿದ್ರಾಯ ಕಾಕಾ ಬಂದರು. ಆರು ಕುರಿಮರಿ ಈ ಹಿಂಡಿನ ಬಾಯಿಗೆ ಹೋಗಿವೆ. ಕೈಯಲ್ಲಿ ವಿಷ ಕಲಸಿದ ಮಾಂಸ. ಒಂದು ಹಂಗಾಮು ತಾಳಿ ಎಂದು ಬೇಡಿಕೊಳ್ಳುವುದರಲ್ಲಿದ್ದೆ... ಹಳದಿ ಬೆನ್ನು ನೋಡಿ ಗಕ್ಕನೆ ನಿಂತರು.

"ಭಂಡಾರ ಹಚ್ಚೀರೇನ್ರಿ ನೇತ್ರಾಬಾಯಾರ? ಮೈಲಾರಲಿಂಗನ ನಾಯಿಗಿ ವಿಷ ಹ್ಯಾಂಗ ಹಾಕ್ಲಿ!"

ಮಾಂಸ ಹೂತು ಹೋದರು. ಅದು ದೇವರ ಅರಿಶಿನವಲ್ಲ, ಪೇಂಟು ಎಂದು ನಾನು ಬಾಯಿ ಬಿಡಲಿಲ್ಲ.

ಜುಲೈ 9
ದೇವರ ಹೆಸರಲ್ಲಿ ಮೋಸ. ಆದರೂ ನಿದ್ದೆ ಚೆನ್ನಾಗಿ ಬಂತು. ನಾಚಿಕೆಗೇಡಿ ನಾನು!

ಆಗಸ್ಟ್ 20
ವಾರವಿಡೀ ಮಳೆ. ಬಣ್ಣ ತೊಳೆದುಹೋದರೆ ಮತ್ತೆ ವಿಷ. ಮಳೆ ನಿಂತ ಕೂಡಲೇ ಖಣಿಗೆ ಓಡಿದೆ.

ಎಲ್ಲ ಅಚ್ಚ ಹಳದಿ! ಎಣಿಸಿದೆ — ಹದಿಮೂರು. ಚುಚ್ಚಿದ್ದು ಹತ್ತೇ. ಹುಲ್ಲಿನ ಮೇಲೂ ಅರಿಶಿನದ ಪುಡಿ.

ಕಂಬಳಿಯೊಳಗೆ ಕಾಕಾ ನಗುತ್ತಿದ್ದರು. "ನಿಮ್ಮದು ಪೇಂಟು ಅಂತ ಮರುದಿನಾನ ತಿಳೀತ್ರಿ. ಆದ್ರ ಮೈಲಾರಂದು ಅಂತ ಬಿಟ್ಟೀನಿ. ಬಿಟ್ಟಿದ್ದು ಬಿಟ್ಟಂಗ. ಬಣ್ಣ ಹೋತು, ಖರೇ ಭಂಡಾರ ಹಾರಿಸ್ದೆ. ಬಾಜೂದವಕ್ಕೂ ಬಿತ್ತು, ಏನ್ ಮಾಡ್ಲಿ?"

ನನ್ನ ಲೆಕ್ಕ ಹಾಳು. ಬೈಯಲು ಹೋಗಿ ನಕ್ಕುಬಿಟ್ಟೆ.

ಡಿಸೆಂಬರ್ 2
ಖಣಿಯಲ್ಲಿ ಒಂದೂ ನಾಯಿಮರಿ ಇಲ್ಲ!

ಸಂತೋಷ ಅರ್ಧ ಗಂಟೆ. ಕಾಕಾನ ಕುರಿಹಟ್ಟಿಯ ಹಿಂದೆ ಒಂದು ಹಳದಿ ಬೆನ್ನು, ಹೊಟ್ಟೆಗೆ ಅಂಟಿ ಹಾಲು ಕುಡಿಯುವ ಐದು ಮರಿ. ಚುಚ್ಚಿದ ನಾಯಿಯೇ ಆದರೆ ಲಸಿಕೆ ಸೋತಂತೆ, ಊರು ಮತ್ತೆ ವಿಷಕ್ಕೆ ಕೈ ಹಾಕುತ್ತದೆ. ಚುಚ್ಚುವಾಗ ಮೊಬೈಲಿನಲ್ಲಿ ತೆಗೆದ ಫೋಟೊಗಳಿಗೆ ತಾಳೆ ಹಾಕಿದೆ... ನಮ್ಮ ಹತ್ತರಲ್ಲಿ ಇದಿಲ್ಲ. ಉಸಿರು ಬಂತು.

"ಇದು ನಿಮ್ಮದಲ್ರಿ, ನನ್ನ ಭಂಡಾರದ್ದು," ಅಂದರು ಕಾಕಾ, ತಪ್ಪು ಮಾಡಿದ ಮುಖದಲ್ಲಿ. "ಮರಿ ಮೊಲಿ ಬಿಟ್ಟ ಮ್ಯಾಲ ಇದಕ್ಕೂ ಸೂಜಿ ಹಾಕ್ರಿ. ಬಣ್ಣ ತರಬ್ಯಾಡ್ರಿ."

ಚೀಲದಿಂದ ಚಿಟಿಕೆ ಭಂಡಾರ ತೆಗೆದು, ಮೊದಲು ನನ್ನ ಹಣೆಗೇ ಹಚ್ಚಿದರು. ಕಣ್ಣು ತುಂಬಿ ಬಂತು, ಯಾಕೋ.

ಈಗ ರಿಪೋರ್ಟು. 'ಗುರುತಿಗೆ ಬಳಸಿದ ಬಣ್ಣ' ಎಂಬಲ್ಲಿ ಪೇಂಟು ಎಂದು ಬರೆದು, ಹೊಡೆದು ಹಾಕಿ, ಭಂಡಾರ ಎಂದು ಬರೆದೆ. ಹಣೆ ಮುಟ್ಟಿಕೊಂಡಿದ್ದೆನೇನೋ, ಕಾಗದದ ಮೇಲೆ ನನ್ನ ಬೆರಳಿನ ಹಳದಿ ಗುರುತು. ಒರೆಸಲು ಹೋದರೆ ಇನ್ನಷ್ಟು —